ಎತ್ತರಿಸಿದ ಜಿಪ್ಸಿ ಬ್ರೇಕ್ ಒತ್ತಿದರೆ ಪಕ್ಕಕ್ಕೆ ಎಳೆಯುತ್ತಿದೆ: ಮೊದಲು ಸ್ಪ್ರಿಂಗೋ, ಸ್ಟೀರಿಂಗೋ?

ಹೆಬ್ರಿ ತೋಟ

ಎಲ್ಲರಿಗೂ ನಮಸ್ಕಾರ. ನನ್ನದು ಮಾರುತಿ ಜಿಪ್ಸಿ ಕಿಂಗ್. ಹಿಂದಿನ ಮಾಲೀಕರೇ ಅದನ್ನು ಎತ್ತರ ಮಾಡಿಸಿದ್ದರು. ಆಕ್ಸಲ್‌ನ ಅಡಿಯಲ್ಲಿದ್ದ ಲೀಫ್ ಸ್ಪ್ರಿಂಗ್‌ಗಳನ್ನು ಮೇಲಕ್ಕೆ ತಂದು ಕೂರಿಸಿದ್ದಾರೆ, ಟೈರ್ 235/75 ಆರ್15. ಹೆಬ್ರಿಯಿಂದ ಒಳಗೆ ನಮ್ಮ ಅಡಿಕೆ ತೋಟಕ್ಕೆ ಹೋಗುವ ದಾರಿಯಲ್ಲಿ ಮುರಕಲ್ಲಿನ ದೊಡ್ಡ ಮೆಟ್ಟಿಲುಗಳಂಥ ಉಬ್ಬುಗಳಿವೆ, ಮಳೆಗಾಲದಲ್ಲಿ ತೋಡು ಬೇರೆ ದಾಟಬೇಕು. ಅಲ್ಲಿ ಈ ಗಾಡಿಗೆ ಸಾಟಿಯಿಲ್ಲ.

ಕಷ್ಟವೆಲ್ಲ ಡಾಂಬರು ರಸ್ತೆಯಲ್ಲಿ. ಪಡುಬಿದ್ರಿ ದಾಟಿ ಮಂಗಳೂರಿನ ಕಡೆ ಹೆದ್ದಾರಿಯಲ್ಲಿ ಸ್ವಲ್ಪ ವೇಗ ಹಿಡಿದರೆ ಸ್ಟೀರಿಂಗ್ ನೇರಕ್ಕೆ ನಿಲ್ಲುವುದಿಲ್ಲ, ಸದಾ ತಿದ್ದುತ್ತಲೇ ಇರಬೇಕು. ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮೂತಿ ತಗ್ಗುತ್ತದೆ, ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಅಮ್ಮನನ್ನು ಕೂರಿಸಿಕೊಂಡು ಇಳಿಯಲು ನನಗೆ ಧೈರ್ಯ ಬರುತ್ತಿಲ್ಲ. ಒಂದು ಗ್ಯಾರೇಜಿನವರು ಭಾರಿ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಹೊಸ ಸ್ಪ್ರಿಂಗ್, ಗ್ಯಾಸ್ ಶಾಕ್ ಅಬ್ಸಾರ್ಬರ್ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಿಸುವಷ್ಟು ಹಣ ಈಗ ಕೈಯಲ್ಲಿಲ್ಲ. ಯಾವುದು ಮೊದಲು?

ಸುರತ್ಕಲ್ ಕಡಲು

ಡ್ಯಾಂಪರ್ ಹಾಕಿಸಿ. ನನ್ನ ಹಳೆಯ ಜೀಪಿನಲ್ಲಿ ಸ್ಟೀರಿಂಗ್ ನಡುಗುವುದು ಅದರಿಂದಲೇ ನಿಂತಿತು. ಅರ್ಧ ದಿನದ ಕೆಲಸ.

ಮಣಿಪಾಲ ಲೇತ್

ಸುರತ್ಕಲ್‌ನವರ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಗಾಡಿಗೆ ಆ ಮದ್ದು ಸಲ್ಲದು. ಡ್ಯಾಂಪರ್ ನಡುಕವನ್ನು ಹೀರಿಕೊಳ್ಳುತ್ತದೆ, ನಡುಕದ ಕಾರಣವನ್ನು ಮುಟ್ಟುವುದಿಲ್ಲ. ಸವೆದ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್ ಡ್ಯಾಂಪರ್‌ನ ಮರೆಯಲ್ಲಿ ಇನ್ನಷ್ಟು ಸವೆಯುತ್ತದೆ. ಹೆಬ್ರಿಯವರೇ, ಸ್ಪ್ರಿಂಗ್, ಶಾಕ್ ಎರಡೂ ಕಾಯಲಿ. ನಿಮ್ಮ ಹಣ ಮೊದಲು ಹೋಗಬೇಕಾದದ್ದು ಸ್ಟೀರಿಂಗ್‌ಗೆ.

ಸ್ಪ್ರಿಂಗನ್ನು ಆಕ್ಸಲ್‌ನ ಮೇಲೆ ಕೂರಿಸಿದಾಗ ಜಿಪ್ಸಿ ಸುಮಾರು ಐದು ಇಂಚು ಏಳುತ್ತದೆ. ಸ್ಟೀರಿಂಗ್ ಬಾಕ್ಸ್ ಚಾಸಿಯ ಜತೆ ಮೇಲೆ ಹೋಗುತ್ತದೆ, ಚಕ್ರವನ್ನು ಹೊತ್ತು ಅದರ ಜತೆ ತಿರುಗುವ ನಕಲ್ ಕೆಳಗೇ ಉಳಿಯುತ್ತದೆ. ಇವೆರಡನ್ನೂ ಜೋಡಿಸುವ ಡ್ರ್ಯಾಗ್ ಲಿಂಕ್ ಮೊದಲು ಹೆಚ್ಚುಕಡಿಮೆ ಅಡ್ಡ ಮಲಗಿದ್ದದ್ದು ಈಗ ಇಳಿಜಾರಾಗಿರುತ್ತದೆ. ನಿಮ್ಮ ತೊಂದರೆಯ ಬೇರು ಬಹುಮಟ್ಟಿಗೆ ಇಲ್ಲಿದೆ. ಎಂಬತ್ತು ಸೆಂಟಿಮೀಟರ್ ಉದ್ದದ ಲಿಂಕ್ ಎಂದು ಲೆಕ್ಕ ಹಾಕಿ ನೋಡಿ. ಅದು 5 ಡಿಗ್ರಿ ಓರೆಯಾಗಿದ್ದರೆ, ಮೂತಿ 5 ಸೆಂಟಿಮೀಟರ್ ತಗ್ಗಿದಾಗ ಲಿಂಕಿನ ತುದಿ ಪಕ್ಕಕ್ಕೆ ಸರಿಯುವುದು 3 ಮಿಲಿಮೀಟರ್‌ನಷ್ಟು. 15 ಡಿಗ್ರಿ ಓರೆಯಾಗಿದ್ದರೆ ಅದೇ ತಗ್ಗಿಗೆ 11 ಮಿಲಿಮೀಟರ್ ದಾಟುತ್ತದೆ. ನೀವು ಸ್ಟೀರಿಂಗ್ ಚಕ್ರವನ್ನು ಅಲುಗಿಸದೆ ಹಿಡಿದಿದ್ದರೂ ಅಷ್ಟು ಸರಿತ ನಕಲ್‌ಗೆ ಹೋಗಿ ಗಾಡಿ ತಾನೇ ತಿರುಗುತ್ತದೆ. ಘಾಟಿಯಲ್ಲಿ ಬ್ರೇಕ್ ಒತ್ತಿದಾಗ ನಡೆಯುವುದು ಇದೇ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಮೂತಿ ಕಡಿಮೆ ತಗ್ಗೀತು, ಲಿಂಕಿನ ಓರೆ ಹಾಗೆಯೇ ಉಳಿಯುತ್ತದೆ.

ಹೆದ್ದಾರಿಯಲ್ಲಿ ಅಲೆದಾಡುವುದಕ್ಕೆ ಇನ್ನೊಂದು ಕಾರಣ ಇರಬಹುದು: ಕ್ಯಾಸ್ಟರ್. ಕಿಂಗ್‌ಪಿನ್‌ನ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಮಾತ್ರ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ. ಜಿಪ್ಸಿಗೆ ಅದು ಸುಮಾರು ಮೂರೂವರೆ ಡಿಗ್ರಿ ಇರಬೇಕು. ಸ್ಪ್ರಿಂಗ್ ಮೇಲೆ ತರುವಾಗ ಆಕ್ಸಲ್ ಕೊಳವೆಗೆ ಹೊಸ ಪೀಠಗಳನ್ನು ವೆಲ್ಡ್ ಮಾಡುತ್ತಾರಲ್ಲ, ಆ ಪೀಠದ ಕೋನವೇ ಕ್ಯಾಸ್ಟರನ್ನು ನಿರ್ಧರಿಸುತ್ತದೆ. ಕಣ್ಣಂದಾಜಿನಲ್ಲಿ ವೆಲ್ಡ್ ಮಾಡಿದ್ದರೆ ಅದು ಸೊನ್ನೆಗೆ ಇಳಿದಿರಬಹುದು. ಉದ್ದದ ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ತೂಗು ಕೊಂಡಿ) ಹಾಕಿದ್ದಾರೆಯೇ ಎಂದೂ ನೋಡಿ. ಶಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿದ್ದರೆ, ಅದನ್ನು ಉದ್ದ ಮಾಡಿದಷ್ಟೂ ಕ್ಯಾಸ್ಟರ್ ಕಳೆದುಹೋಗುತ್ತದೆ.

ಯಾವ ಭಾಗವನ್ನೂ ಕೊಳ್ಳುವ ಮೊದಲು ತಪಾಸಣೆ ಮಾಡಿಸಿ. ಮುಂದಿನ ಆಕ್ಸಲ್ ಜ್ಯಾಕ್ ಮಾಡಿ ಚಕ್ರದ ಮೇಲೆ ಮತ್ತು ಕೆಳಗೆ ಕೈಯಿಟ್ಟು ಅಲುಗಿಸಿ. ಆಟ ಇದ್ದರೆ ಕಿಂಗ್‌ಪಿನ್ ಅಥವಾ ಚಕ್ರದ ಬೇರಿಂಗ್ ಸಡಿಲವಾಗಿದೆ. ಎಡಕ್ಕೂ ಬಲಕ್ಕೂ ಅಲುಗಿದರೆ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್‌ನ ತುದಿಗಳನ್ನು ನೋಡಿ. ಆಮೇಲೆ ಗಾಡಿಯನ್ನು ಇಳಿಸಿ, ಒಬ್ಬರು ಸ್ಟೀರಿಂಗನ್ನು ಆಚೀಚೆ ತಿರುಗಿಸುತ್ತಿರುವಾಗ ಇನ್ನೊಬ್ಬರು ಬಾಕ್ಸ್ ಚಾಸಿಗೆ ಕೂರುವ ಜಾಗವನ್ನು ಟಾರ್ಚ್ ಹಿಡಿದು ನೋಡಲಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅಲ್ಲಿ ತುಕ್ಕು ಹಿಡಿಯುತ್ತದೆ, ದೊಡ್ಡ ಟೈರಿನ ಭಾರಕ್ಕೆ ಬೋಲ್ಟ್‌ಗಳ ಸುತ್ತ ಬಿರುಕು ಬಿಡುತ್ತದೆ. ಬಿರುಕು ಕಂಡರೆ ಗಾಡಿಯನ್ನು ರಸ್ತೆಗೆ ತರಬೇಡಿ, ಮೊದಲು ಪ್ಲೇಟ್ ಹಾಕಿ ಬಲಪಡಿಸಿ.

ಬ್ರೇಕಿನದೇ ತಪ್ಪು ಇರಬಹುದೆಂಬುದನ್ನೂ ಮರೆಯಬೇಡಿ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗಿ ಮೃದುವಾಗಿ ಬ್ರೇಕ್ ಒತ್ತಿ. ಮೂತಿ ತಗ್ಗದಿದ್ದರೂ ಎಳೆದರೆ ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು.

ಕದ್ರಿ ವಕೀಲ

ತಾಂತ್ರಿಕ ವಿಷಯ ಬಲ್ಲವರು ಹೇಳಿದ್ದಾರೆ. ಕಾನೂನಿನ ಮಾತು ಬಾಕಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯ ಪ್ರಶ್ನೆ ಏಳುತ್ತದೆ, ಆಗ ಗಾಡಿ ಕೊಂಡ ಮಾಲೀಕರನ್ನೇ ಕೇಳುತ್ತಾರೆ, ಮಾರಿದವರನ್ನಲ್ಲ. ಸ್ಪ್ರಿಂಗನ್ನು ಮತ್ತೆ ಆಕ್ಸಲ್‌ನ ಅಡಿಗೆ ತಂದು ಮೂಲ ಅಳತೆಯ ಟೈರ್ ಹಾಕುವ ದಾರಿಯನ್ನೂ ಯೋಚಿಸಿ.

ಹೆಬ್ರಿ ತೋಟ

ಎಲ್ಲರಿಗೂ ಕೃತಜ್ಞತೆ. ಶನಿವಾರ ಪೂರ್ತಿ ಗಾಡಿಯ ಅಡಿಯಲ್ಲೇ ಇದ್ದೆ. ಮೊಬೈಲಿನ ಕೋನಮಾಪಕ ಇಟ್ಟಾಗ ಡ್ರ್ಯಾಗ್ ಲಿಂಕ್ 17 ಡಿಗ್ರಿ ತೋರಿಸಿತು. ಎಡಗಡೆಯ ಚಕ್ರ ಮೇಲೆ ಕೆಳಗೆ ಅಲುಗುತ್ತದೆ, ಬ್ರೇಕ್ ಒತ್ತಿ ಹಿಡಿದರೂ ಆಟ ಹೋಗುವುದಿಲ್ಲ. ಬಲಗಡೆಯ ಕ್ಯಾಲಿಪರ್ ಪಿನ್ ಒಂದು ತುಕ್ಕಿನಿಂದ ಅಂಟಿಕೊಂಡಿತ್ತು. ಮಂಗಳೂರಿನಲ್ಲಿ ಅಲೈನ್‌ಮೆಂಟ್ ಮಾಡುವವರು ಅಳೆದು ಕ್ಯಾಸ್ಟರ್ ಒಂದು ಡಿಗ್ರಿಯೂ ಇಲ್ಲ ಎಂದರು. ಚಾಸಿಯಲ್ಲಿ ಬಿರುಕಿಲ್ಲ. ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ಆಡಿಸುವ ತೋಳು) ಬದಲಿಸಿ ಕೆಳಕ್ಕೆ ಬಾಗಿದ್ದನ್ನು ಹಾಕಿದರೆ ಸಾಕೇ? ಲಿಂಕನ್ನೇ ಬಗ್ಗಿಸಿ ಕೊಡುತ್ತೇನೆ ಎಂದವರೂ ಇದ್ದಾರೆ.

ವಕೀಲರ ಮಾತಿನಿಂದ ಮನಸ್ಸು ಭಾರವಾಯಿತು. ಆದರೂ ಅದನ್ನು ಹೇಳಿದ್ದಕ್ಕೆ ಋಣಿ.

ಮಣಿಪಾಲ ಲೇತ್

ಬ್ರೇಕ್ ಒತ್ತಿದಾಗಲೂ ಆಟ ಉಳಿದರೆ ಚಕ್ರದ ಬೇರಿಂಗ್ ಅಲ್ಲ, ಕಿಂಗ್‌ಪಿನ್‌ನದೇ. ಸರಿಯಾಗಿ ಪರೀಕ್ಷಿಸಿದ್ದೀರಿ. ಅದನ್ನೂ ಕ್ಯಾಲಿಪರನ್ನೂ ಈ ವಾರವೇ ಮುಗಿಸಿ, ಆ ತನಕ ಘಾಟಿ ಬೇಡ. ಕಿಂಗ್‌ಪಿನ್‌ಗೆ ಶಿಮ್ (ತೆಳು ತಗಡು) ಹಾಕಿ ಬಿಗಿತ ಹೊಂದಿಸುವ ತಾಳ್ಮೆ ಇರುವ ಮೇಸ್ತ್ರಿಗೇ ಕೊಡಿ.

ಲಿಂಕನ್ನು ಬಗ್ಗಿಸಲು ಒಪ್ಪಲೇಬೇಡಿ. ನೇರ ಕೊಳವೆ ಎಳೆತವನ್ನೂ ಒತ್ತಡವನ್ನೂ ಉದ್ದಕ್ಕೆ ಹೊರುತ್ತದೆ, ಬಗ್ಗಿಸಿದ್ದು ಆ ಬಾಗಿನಲ್ಲೇ ಸೋಲುತ್ತದೆ. ಬಾಗಿದ ಪಿಟ್‌ಮನ್ ಆರ್ಮ್ ಓರೆಯನ್ನು ಒಂದಿಷ್ಟು ಇಳಿಸುತ್ತದೆ, ಆದರೆ ಬಾಕ್ಸಿನ ಶಾಫ್ಟ್ ಮೇಲೆ ಬಗ್ಗಿಸುವ ಬಲ ಹೆಚ್ಚುತ್ತದೆ. 235ರ ಟೈರ್ ಇರುವಾಗ ನಾನು ಅದನ್ನು ಹಾಕಿಕೊಡುವುದಿಲ್ಲ. ನಕಲ್ ಮೇಲೆ ಎತ್ತರದ ಆರ್ಮ್ ಕೂರಿಸಿ ಡ್ರ್ಯಾಗ್ ಲಿಂಕನ್ನೂ ಟೈ ರಾಡನ್ನೂ ಸ್ಪ್ರಿಂಗಿನ ಮೇಲಿಂದ ಹಾಯಿಸುವುದೇ ಸರಿಯಾದ ಕೆಲಸ. ಖರ್ಚು ಹೆಚ್ಚು, ಆದರೆ ಲಿಂಕ್ ಮತ್ತೆ ಅಡ್ಡಕ್ಕೆ ಬರುತ್ತದೆ.

ಕ್ಯಾಸ್ಟರ್‌ಗೆ ಸ್ಪ್ರಿಂಗ್ ಮತ್ತು ಪೀಠದ ನಡುವೆ ಉಕ್ಕಿನ ಬೆಣೆ ಇಡಬಹುದು. ಎರಡೂವರೆ ಡಿಗ್ರಿ ಬೆಣೆಯಲ್ಲಿ ಸಿಗುತ್ತದೆ. ಅಲ್ಯೂಮಿನಿಯಂ ಬೆಣೆ ಬೇಡ, ಒಡೆಯುತ್ತದೆ. ಒಂದು ಎಚ್ಚರಿಕೆ: ಆಕ್ಸಲನ್ನು ಹಾಗೆ ತಿರುಗಿಸಿದಾಗ ಡಿಫರೆನ್ಷಿಯಲ್‌ನ ಮೂತಿ ಕೆಳಗಾಗಿ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಡಿದಾಗುತ್ತದೆ. ಫೋರ್ ವೀಲ್ ಡ್ರೈವ್‌ನಲ್ಲಿ ಕಂಪನ ಬಂದರೆ ಅಲ್ಲಿಗೇ ನಿಲ್ಲಿಸಿ.

ವಕೀಲರು ಹೇಳಿದ ದಾರಿ ನನಗೂ ಒಪ್ಪಿಗೆ. ನಿಮ್ಮ ತೋಟದ ದಾರಿಗೆ ಐದು ಇಂಚು ಬೇಕಾಗಿಲ್ಲ. ಎತ್ತರದ ಆರ್ಮ್‌ನ ಅಂದಾಜು ಖರ್ಚು ಕೇಳಿಕೊಂಡು, ಸ್ಪ್ರಿಂಗ್ ಅಡಿಗೆ ತರುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನೇ ಆರಿಸುತ್ತಿದ್ದೆ, ಡ್ರ್ಯಾಗ್ ಲಿಂಕ್ ಸಮಸ್ಯೆ ತಾನಾಗಿ ಹೋಗುತ್ತದೆ. ಈಗಿನ ಟೈರಿನಲ್ಲಿ ಮೀಟರ್ 60 ತೋರಿಸುವಾಗ ನಿಮ್ಮ ನಿಜವಾದ ವೇಗ 66ರ ಹತ್ತಿರ ಇರುತ್ತದೆ ಎಂಬುದೂ ಗಮನದಲ್ಲಿರಲಿ.

ಯಾವುದನ್ನೇ ಮಾಡಿಸಿದರೂ ಬ್ರೇಕ್ ಹೋಸ್‌ನ ಉದ್ದವನ್ನು ಚಕ್ರ ಪೂರ್ತಿ ಜೋತಾಡುವಾಗ ನೋಡಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದನ್ನೇ ಹಾಕಿಸಿ, ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ವ್ರೆಂಚ್ ಹಿಡಿದು ಮತ್ತೆ ಬಿಗಿಸಿ. ಬರುವ ವಾರ ಉಡುಪಿ ಕಡೆ ಬರುವುದಾದರೆ ಗಾಡಿ ತನ್ನಿ, ಪೀಠದ ವೆಲ್ಡಿಂಗ್ ನಾನೇ ನೋಡುತ್ತೇನೆ.