ಸಹಾಯ ಬೇಕು: ‘ಕ್ರೇವನ್’ ಪದಕ್ಕೆ ಕನ್ನಡದಲ್ಲಿ ಏನನ್ನಲಿ?

ಹಳೆಯ ಇಂಗ್ಲಿಷ್ ಕಾನೂನಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕ್ರೇವನ್’ ಅಂದರೆ ಹೇಡಿ, ಅಷ್ಟು ಗೊತ್ತು. ಆದರೆ ಅಲ್ಲಿ ಜಮೀನಿನ ವ್ಯಾಜ್ಯವನ್ನೂ ಕಾಳಗದಲ್ಲಿ ತೀರ್ಮಾನಿಸುತ್ತಿದ್ದರು. ಎರಡೂ ಕಡೆಯ ಆಳುಗಳು ಕೋಲು, ತೊಗಲಿನ ಗುರಾಣಿ ಹಿಡಿದು ನಕ್ಷತ್ರ ಮೂಡುವವರೆಗೂ ಬಡಿದಾಡಬಹುದಿತ್ತು. ಸೋಲೊಪ್ಪುವವನು ತನ್ನ ಬಾಯಿಂದಲೇ ‘ಕ್ರೇವನ್’ ಅನ್ನಬೇಕು. ಅಂದರೆ ಮಾನ ಹೋಯಿತು, ಮುಂದೆ ಅವನ ಸಾಕ್ಷಿಗೂ ಬೆಲೆಯಿಲ್ಲ. ಅಷ್ಟು ಏಟು ತಿಂದವನು ಹೇಡಿ ಹೇಗಾಗುತ್ತಾನೆ, ಪಾಪ! 1819ರಲ್ಲಿ ಈ ಪದ್ಧತಿ ರದ್ದಾಯಿತು.

‘ಹೇಡಿ’ ಅಂತ ಹಾಕಿದರೆ ಬರೀ ಬೈಗುಳ. ‘ಸೋತೆ’ ಅಂದರೆ ಅವಮಾನ ಕಾಣುವುದಿಲ್ಲ. ‘ಶರಣು’ ಬೇಡವೇ ಬೇಡ, ಅದರಲ್ಲಿ ಭಕ್ತಿ ಜಾಸ್ತಿ. ನಿಮ್ಮ ಕಡೆ ಗರಡಿಯಲ್ಲಿ ಸೋಲೊಪ್ಪುವಾಗ ಏನನ್ನುತ್ತಾರೆ? ಹಳಬರನ್ನು ಕೇಳಿ ಹೇಳಿದರೂ ಸಾಕು. ಶುಕ್ರವಾರದೊಳಗೆ ಲೇಖನ ಕಳಿಸಬೇಕು.