ಗಾಬ್ಲಿನ್ ಡ್ರಾಮಾದ ಕೊನಿ ಖುಷಿದಾ, ದುಃಖದ್ದಾ? ನಿಮಗೇನನ್ಸ್ತದ ಹೇಳ್ರಿ

ಬಿಸಿಲೂರಾಕಿ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ಗಾಬ್ಲಿನ್ ಅನ್ನೋ ಕೊರಿಯನ್ ಡ್ರಾಮಾ ಕೊನಿತನಕ ನೋಡಿಲ್ಲಂದ್ರ ಇಲ್ಲೇ ನಿಂದರ್ರಿ, ಮುಂದ ಓದಬ್ಯಾಡ್ರಿ, ಕಥಿ ಪೂರಾ ಬಿಚ್ಚಿ ಹೇಳಲತ್ತೀನಿ.

2016 ಡಿಸೆಂಬರ್‌ದಾಗ ಟಿವಿಎನ್‌ದಾಗ ಶುರುವಾಗಿ ಮರುವರ್ಷ ಜನವರಿಗಿ ಮುಗಿದ 16 ಎಪಿಸೋಡಿನ ಡ್ರಾಮಾ, ನಾ ನೋಡಿದ್ದು ಈಗ. ನೋಡಿ ಭಾಳ ವರ್ಷ ಆದವರಿಗಿ ನೆನಪಿಗಂತ ಹೇಳ್ತೀನಿ. ಗೊರ್ಯೊ ಅನ್ನೋ ಹಳೇ ಕೊರಿಯಾ ರಾಜ್ಯದ ಕಾಲದ ಸೇನಾಪತಿ ಕಿಮ್ ಶಿನ್, ಗಾಂಗ್ ಯೂ ಮಾಡ್ಯಾನ. ಯುದ್ಧ ಗೆದ್ದು ಬಂದಂವಗ ಸನ್ಮಾನ ಮಾಡೋದು ಬಿಟ್ಟು ಹರೇದ ರಾಜ ಮಂದಿ ಚಾಡಿ ಮಾತು ಕೇಳಿ ದ್ರೋಹಿ ಅಂತಂದು ಕೊಲ್ಲಸ್ತಾನ, ರಾಣಿ ಅಂದ್ರ ಕಿಮ್ ಶಿನ್‌ನ ಒಡಹುಟ್ಟಿದ ತಂಗಿ, ಆಕಿನೂ ಬಾಣ ನೆಟ್ಟು ಅಣ್ಣನ ಕಣ್ಣೆದುರೇ ಬೀಳ್ತಾಳ. ಆಮ್ಯಾಲ ದೇವರು ಅಂವಗ ಸಾವಿಲ್ದ ಜೀವ ಕೊಟ್ಟು ಗಾಬ್ಲಿನ್ ಮಾಡ್ತಾನ, ಎದ್ಯಾಗಿನ ಕತ್ತಿ ಹಂಗೇ ಉಳೀತದ, ತನ್ನವರಂತ ಹಚ್ಕೊಂಡವರೆಲ್ಲಾ ಒಬ್ಬೊಬ್ಬರೇ ಸಾಯೋದು ನೋಡ್ಕೋತ 939 ವರ್ಷ ಬದುಕ್ತಾನ. ಆ ಕತ್ತಿ ಅಂವನ ಮದಲಗಿತ್ತಿಗಷ್ಟೇ ಕಾಣ್ತದ, ಆಕಿ ಕಿತ್ತಿದ್ರಷ್ಟೇ ಅಂವಗ ಮುಕ್ತಿ. ಆಕಿನೇ ಜಿ ಉನ್‌ತಕ್, ಮೇಣಬತ್ತಿ ಊದಿ ಆರಿಸಿದ್ರ ಸಾಕು ಅಂವ ಎಲ್ಲಿದ್ರೂ ಆಕಿ ಮುಂದ ಬಂದು ನಿಂದರ್ತಾನ.

ಈಗ ನನ್ನ ಪ್ರಶ್ನಿ. ಕೊನಿಗಿ ಮದುವಿ ಆಗ್ತದ, ಆದ ಸ್ವಲ್ಪೇ ದಿನಕ್ಕ ಬ್ರೇಕ್ ಫೇಲಾದ ಟ್ರಕ್ ಸಣ್ಣ ಹುಡುಗೂರ ಬಸ್ಸಿಗಿ ಹಾಯ್ಲಾಕ ಬರ್ತಿರ್ತದ, ಉನ್‌ತಕ್ ತನ್ನ ಕಾರ್ ನಡುವ ನಿಂದರಿಸಿ ಸಾಯ್ತಾಳ. ಸತ್ತವರಿಗಿ ಈ ಜನ್ಮ ಮರೀಲಂತ ಕುಡಿಸೋ ಚಹಾ ಇರ್ತದಲ್ಲ, ಆಕಿ ಅದನ್ನ ಕುಡಿಯಲ್ಲ ಅಂತಾಳ, ನೆನಪು ಇಟ್ಕೊಂಡೇ ಹೋಗ್ತಾಳ. 30 ವರ್ಷ ಕಳದ ಮ್ಯಾಲ ಬ್ಯಾರೆ ಹೆಸರಿನ ಹುಡುಗಿಯಾಗಿ ಕೆನಡಾದ ಕ್ಯುಬೆಕ್‌ಕ್ಕ ಬಂದು, ಗುಡ್ಡದ ಮ್ಯಾಲ ಕೂತಿದ್ದಂವಗ ಗುರ್ತು ಹಿಡೀತಾಳ. ಮುಗೀತು. ನೆಟ್‌ನ್ಯಾಗ ಎಲ್ಲಿ ನೋಡಿದ್ರೂ ಹ್ಯಾಪಿ ಎಂಡಿಂಗ್ ಅಂತ ಬರದಾರ. ನನಗ ಹಂಗ ಅನ್ಸಲೇ ಇಲ್ಲ, ಮೈ ಜುಮ್ ಅಂತು ಖರೆ, ಆದ್ರ ಎದಿ ಭಾರ ಆಗಿ ರಾತ್ರಿ ನಿದ್ದಿ ಬರಲಿಲ್ಲ. ಮನುಷ್ಯರಿಗಿ ನಾಕು ಜನ್ಮ ಅಂತ ಆ ಡ್ರಾಮಾದಾಗೇ ಹೇಳ್ತಾರ, ಬೀಜ ಬಿತ್ತೋ ಜನ್ಮ, ನೀರುಣಿಸೋ ಜನ್ಮ, ಬೆಳಿ ಕೊಯ್ಯೋ ಜನ್ಮ, ಕೊಯ್ದಿದ್ದು ಉಣ್ಣೋ ಜನ್ಮ. ಹಂಗಿದ್ರ ಈಕಿನ ನಾಕೂ ಮುಗಿದ ಮ್ಯಾಲ ಅಂವ ಏನ್ ಮಾಡಬೇಕ್ರಿ? ಮತ್ತ ಅದೇ ಗುಡ್ಡ, ಅದೇ ಒಬ್ಬಂಟಿ ಬಾಳಾ?

ನಮ್ಮ ಅವ್ವ ಬಿ ಜತಿಗಿ ಕೂತು ನೋಡ್ತಿದ್ಳು, ನಾ ಸಬ್‌ಟೈಟಲ್ ಓದಿ ಕನ್ನಡದಾಗ ಹೇಳಾಕಿ, ಆಕಿ ಜ್ವಾಳ ಹಸನ ಮಾಡ್ಕೋತ ಕೇಳಾಕಿ. ಕೊನಿ ಸೀನ್ ಬಂದಾಗ ಮರದಾಗಿನ ಜ್ವಾಳ ಮರದಾಗೇ ಉಳೀತು. ಎಲ್ಲಾ ನೋಡಿ ಒಂದೇ ಮಾತು ಕೇಳಿದ್ಳು, "ಆಕಿಗೇನು, ಸತ್ತು ಹುಟ್ಟಿ ಬಂದ್ಳು. ನಡುವಿನ ಮೂವತ್ತು ವರ್ಷ ಹೊತ್ತು ಮುಳುಗಿದ ಮ್ಯಾಲ ಇಂವ ಯಾರ ಕೂಡ ಮಾತಾಡಿದ?" ನನ್ನ ಕಡಿ ಉತ್ತರ ಇರಲಿಲ್ಲ. ನಿಮ್ಮ ಕಡಿ ಇದ್ರ ಹೇಳ್ರಿ.

ಕಲ್ಯಾಣದ ತಮ್ಮ, ಬೀದರ್

ಅಕ್ಕಾ, ನಿಮ್ಮ ಅವ್ವನ ಮಾತು ಓದಿ ನನಗ ಕಣ್ಣಾಗ ನೀರು ಬಂತು. ಆದ್ರ ನಾ ಇದನ್ನ ದುಃಖದ ಕೊನಿ ಅಂತ ಒಪ್ಪಲ್ಲ. ಯಾಕಂದ್ರ ಅಂವಗ ಬಿಡುಗಡಿ ಸಿಕ್ಕಿತ್ತು, ಅಂವನೇ ಬ್ಯಾಡಂದ.

13ನೇ ಎಪಿಸೋಡ್ ನೆನಪು ಮಾಡ್ಕೋರಿ. ರಾಜಗ ಚಾಡಿ ಹೇಳಿದ್ದ ಮಂತ್ರಿ, ದೆವ್ವಾಗಿ ಒಂಬೈನೂರು ವರ್ಷದಿಂದ ಹಿಂದ ಬಿದ್ದಿದ್ದ ಆ ಪಾರ್ಕ್ ಜುಂಗ್ ಹನ್‌ಗ ಕಡೀಲಾಕ ಎದ್ಯಾಗಿನ ಕತ್ತಿನೇ ಬೇಕು, ಕಿತ್ತಿದ್ರ ತಾ ಬೂದಿ ಆಗ್ತೀನಿ ಅಂತ ಗೊತ್ತು, ಗೊತ್ತಿದ್ದೇ ಉನ್‌ತಕ್‌ನ ಕೈ ಹಿಡಿದು ಕಿತ್ತಸ್ತಾನ. ಆಕಿ ತೆಕ್ಕ್ಯಾಗೇ ಕರಗಿ ಹೋಗ್ತಾನ, ಹೋಗೋವಾಗ ಮಳಿಯಾಗಿ ಬರ್ತೀನಿ, ಮೊದಲ ಹಿಮವಾಗಿ ಬರ್ತೀನಿ ಅಂತಾನ. ಆಮ್ಯಾಲ ದೇವರು ಎಲ್ಲಾ ಮರೆತು ಶಾಂತ ಆಗು ಅಂತಂದ್ರ, ಒಲ್ಲೆ ಅಂತ ಹೇಳಿ ಈ ಕಡಿ ಲೋಕನೂ ಅಲ್ಲ ಆ ಕಡಿ ಲೋಕನೂ ಅಲ್ಲ ಅಂಥ ಹಿಮದ ಬಯಲಿನ್ಯಾಗ ಒಬ್ಬನೇ ನಡೀತಾನ. ಇತ್ತ ಉನ್‌ತಕ್‌ಗ ಅಂವನ ಹೆಸರು ಸೈತ ಮರೆತು ಹೋಗಿರ್ತದ. ಒಂಬತ್ತು ವರ್ಷ ಆದ ಮ್ಯಾಲ ಆಕಿ ಮೇಣಬತ್ತಿ ಊದಿದಾಗ ಬರ್ತಾನ.

ನಾ ಬಸವಕಲ್ಯಾಣದಂವ. ಶರಣರ ಮಾತು ಕಿವಿಮ್ಯಾಲ ಬಿದ್ದೇ ಬೆಳದೀವಿ, ಭವ ಹರೀಬೇಕು, ಮತ್ತ ಹುಟ್ಟಿ ಬರೋದು ನಿಲ್ಲಬೇಕು, ಅದೇ ದೊಡ್ಡದು ಅಂತ ಹೇಳಿಕೊಟ್ಟಾರ. ಹಿಂಗಾಗಿ ಶುರುದಾಗ ಕಿಮ್ ಶಿನ್ ಕತ್ತಿ ಕೀಳೋರಿಗಿ ಹುಡುಕೋದು ನನಗ ಭಾಳ ಸಹಜ ಅನಿಸ್ತು. ಆದ್ರ ಬಿಡುಗಡಿ ಬಾಗಲಿಗಿ ಬಂದಾಗ ಅದನ್ನ ತಿರುಗಿ ಕಳಿಸಿ, ಒಬ್ಬಾಕಿ ಸಲುವಾಗಿ ಭವದಾಗೇ ಇರ್ತೀನಿ ಅನ್ನೋದು ನೋಡಿ ನಾ ಕೂತಲ್ಲೇ ಕೂತಿದ್ದೆ. ಮೂವತ್ತು ವರ್ಷ ಅಂವಗ ಯಾರೂ ಹೊರಸಿದ್ದಲ್ಲ, ಅಂವ ಬೇಡಿ ಪಡದಿದ್ದು. ಉನ್‌ತಕ್ ಬಿ ಹಂಗೇ, ಆ ಬಸ್ಸಿನ ಮುಂದ ಕಾರ್ ನಿಂದರಿಸ್ದಾಗ ಯಾರೂ ಆಕಿಗಿ ಹೇಳಿರಲಿಲ್ಲ. ಯಾವ ದೇವರ ಲೆಕ್ಕದಾಗೂ ಇಲ್ಲದ್ದು ಮನುಷ್ಯರು ಮಾಡ್ತಾರ, ಆ ಡ್ರಾಮಾ ಬರದ ಕಿಮ್ ಉನ್ ಸೂಕ್‌ಗ 2017ರ ಕೊರಿಯಾದ ಬೆಕ್ಸಾಂಗ್ ಪ್ರಶಸ್ತಿಯೊಳಗ ಟಿವಿ ವಿಭಾಗದ ದೊಡ್ಡ ಪ್ರಶಸ್ತಿ ಸುಮ್ನ ಕೊಟ್ಟಿಲ್ಲ.

ಕೋಟಿ ಕೆಳಗಿನ ಮನಿ, ಯಾದಗಿರಿ

ನಾ ಜರಾ ಬ್ಯಾರೆ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನಗ ಆ ಜೋಡಿನೇ ಕಸಿವಿಸಿ. ಶುರುದಾಗ ಹುಡುಗಿಗಿ 19, ಸ್ಕೂಲ್ ಯೂನಿಫಾರ್ಮ್ ಮ್ಯಾಲ ಇರ್ತಾಳ, ತಾಯಿ ಇಲ್ಲ, ಚಿಕ್ಕಮ್ಮ ಹೊಡದು ಬಡದು ಮಾಡ್ತಾಳ, ಅದನ್ನ ನಗಿ ಸೀನ್ ಮಾಡಿ ತೋರಿಸ್ಯಾರ. ಎಲ್ಲೂ ಆಸರಿಲ್ದ ಹುಡುಗಿಗಿ ದೊಡ್ಡ ಮನಿ, ದುಡ್ಡು ಇರೋ ಗಂಡಸು ಸಿಕ್ರ ಆಕಿ ಹಚ್ಕೊಳ್ಳೋದು ಪ್ರೀತಿನೋ ಆಸರೋ ಅಂತ ಯಾರು ಹೇಳಬೇಕು? ಕೊನಿಗಿ ಮರುಜನ್ಮದಾಗ ಬಿ ಮತ್ತ ಯೂನಿಫಾರ್ಮ್ ಹಾಕ್ಕೊಂಡೇ ಬರ್ತಾಳ. ಇಪ್ಪತ್ತೈದು ಮೂವತ್ತರ ಹೆಂಗಸಾಗಿ ಬಂದಿದ್ರ ಏನು ಗಂಟು ಹೋಗ್ತಿತ್ತು?

ನನಗ ಮನಸಿಗಿ ಹಚ್ಚಿದ್ದು ಆ ಯಮದೂತ ಮತ್ತ ಸನ್ನಿ ಕಥಿ. ಕಪ್ಪು ಟೋಪಿ ಹಾಕ್ಕೊಂಡು ಸತ್ತವರಿಗಿ ಚಹಾ ಕೊಡಾಂವ ತಾನೇ ಹಿಂದಿನ ಜನ್ಮದ ಆ ರಾಜ ಅಂತ ಅಂವಗೇ ಗೊತ್ತಿರಲ್ಲ, ಚಿಕನ್ ಅಂಗಡಿ ಸನ್ನಿನೇ ಅಂವ ಕೊಲ್ಲಿಸಿದ ರಾಣಿ. ಆಕಿಗಿ ಎಲ್ಲಾ ನೆನಪಾದ ಮ್ಯಾಲ ಬಿ ಅಂವನ ಮ್ಯಾಲ ಪ್ರೀತಿ ಹೋಗಿರಲ್ಲ, ಆದ್ರೂ ಈ ಜನ್ಮದಾಗ ನಾವು ಕೂಡೋದು ಬ್ಯಾಡ ಅಂತ ಹೇಳಿ ಹೋಗಿಬಿಡ್ತಾಳ, ಅದೇ ಆಕಿ ಕೊಡೋ ಶಿಕ್ಷಾ. ನೋಡ್ರಿ ಅಲ್ಲಿ ಹೆಣ್ಣಿಗಿ ಸ್ವಂತ ತೀರ್ಮಾನ ಅದ. ಅಣ್ಣನ್ನ ಕೊಂದಂವ, ತನ್ನ ಕೊಂದಂವ, ಒಂದು ಸಾರಿ ಕೇಳಿದ್ರ ಕ್ಷಮಾ ಮಾಡಿಬಿಡೋದೇನು? ಒಂದು ಇಡೀ ಆಯುಷ್ಯ ಇಬ್ಬರೂ ದೂರ ಉಳದು, ಆಕಿ ಸತ್ತಾಗ ಕರಕೊಂಡು ಹೋಗ್ಲಾಕ ಅಂವನೇ ಬರ್ತಾನ, ಆಮ್ಯಾಲ ಇಬ್ಬರೂ ಹೊಸ ಜನ್ಮ ತಗೊಂಡು ಅಂವ ಪೊಲೀಸ್, ಆಕಿ ನಟಿ. ಇಬ್ಬರಿಗೂ ಹಿಂದಿನದು ಏನೂ ನೆನಪಿಲ್ಲ. ಸಾಲ ತೀರಿಸಿ ಕೈ ತೊಳಕೊಂಡು ಹೊಸದಾಗಿ ಶುರು. ಹ್ಯಾಪಿ ಎಂಡಿಂಗ್ ಅಂದ್ರ ನನಗ ಇದು.

ಕಾಗಿಣಾ ದಂಡಿ, ಸೇಡಂ

ಮೂರೂ ಜನರದು ಓದಿದೆ, ಭಾಳ ಛಲೋ ಬರದೀರಿ. ನಾ ಕನ್ನಡ ಪಾಠ ಮಾಡಾಂವ, ಹಿಂಗಾಗಿ ನನ್ನ ತಲಿ ಪಂಪನ ಕಡಿ ಹೋಯ್ತು. ತಂಗೀ, ನಿನ್ನ ಪ್ರಶ್ನಿಗಿ ಅಲ್ಲೊಂದು ಉತ್ತರ ಅದ ಅನ್ಸ್ತದ.

ಆದಿಪುರಾಣ 941ರಾಗ ಬರದಿದ್ದು. ಆಗ ರಾಷ್ಟ್ರಕೂಟರ ರಾಜಧಾನಿ ನಮ್ಮ ಮಳಖೇಡ, ಪಂಪ ಇದ್ದಿದ್ದು ಅವರ ಸಾಮಂತ ಅರಿಕೇಸರಿ ಕಡಿ. ಅದರಾಗ ಲಲಿತಾಂಗ ಅಂತ ಸ್ವರ್ಗದ ದೇವ, ಅವನ ಪ್ರೀತಿಯ ಸ್ವಯಂಪ್ರಭೆ. ಸ್ವರ್ಗದಾಗೂ ಆಯುಷ್ಯ ಮುಗೀತದ. ಕೊಳ್ಳಾಗಿನ ಹೂವಿನ ಮಾಲಿ ಬಾಡ್ಲಾಕ ಹತ್ತಿದಾಗ ಲಲಿತಾಂಗಗ ಗೊತ್ತಾಗ್ತದ ತನ್ನ ದಿನ ಮುಗೀತು ಅಂತ. ಅಂವ ಹೋದ, ಹಿಂದ ಆಕಿನೂ ಹೋದ್ಳು. ಮುಂದ ಅಂವ ವಜ್ರಜಂಘ ಆಗಿ ಹುಟ್ಟತಾನ, ಆಕಿ ಶ್ರೀಮತಿ ಅನ್ನೋ ರಾಜಕುಮಾರಿ. ಒಂದಿನ ಆಕಾಶದಾಗ ದೇವತೆಗಳು ಹೋಗೋದು ನೋಡಿದ್ದೇ ಶ್ರೀಮತಿಗಿ ಹಿಂದಿನ ಜನ್ಮ ನೆನಪಾಗಿ ಮೂರ್ಛೆ ಹೋಗ್ತಾಳ. ಎಚ್ಚರಾದ ಮ್ಯಾಲ ಮಾತು ಬಿಟ್ಟುಬಿಡ್ತಾಳ. ಆಮ್ಯಾಲ ಏನ್ ಮಾಡ್ತಾಳ ಅಂದ್ರ, ತಮ್ಮಿಬ್ಬರ ಹಿಂದಿನ ಬಾಳು ಒಂದು ಪಟದ ಮ್ಯಾಲ ಚಿತ್ರ ಬರದು ದಾದಿ ಪಂಡಿತೆ ಕೈಯಾಗ ಕೊಟ್ಟು ಕಳಸ್ತಾಳ. ದಾದಿ ಅದನ್ನ ಬಸದಿಯಾಗ ಹರವಿ ಕೂಡ್ತಾಳ, ಬಂದು ಹೋಗೋರೆಲ್ಲಾ ನೋಡ್ತಾರ, ಖರೆ ಯಾರದು ಈ ಕಥಿ ಅಂತ ಅಂವ ಒಬ್ಬಂವಗೇ ತಿಳೀಬೇಕು. ವಜ್ರಜಂಘ ಬರ್ತಾನ, ನೋಡ್ತಾನ, ಅಂವಗ ಬಿ ಎಲ್ಲಾ ನೆನಪಾಗ್ತದ. ಕ್ಯುಬೆಕ್ ಗುಡ್ಡದ ಸೀನ್ ನೋಡಿ ಮೈ ಜುಮ್ ಅಂತು ಅಂದಿಯಲ್ಲ ತಂಗಿ, ಈ ಪಟದ ಭಾಗ ಪಾಠ ಮಾಡೋವಾಗ ನನಗ ಪ್ರತಿ ವರ್ಷ ಹಂಗೇ ಆಗ್ತದ.

ಮದುವಿ ಆಗ್ತಾರ, ಸುಖವಾಗಿ ಇರ್ತಾರ. ಒಂದು ರಾತ್ರಿ ಮಲಗೋ ಕೋಣಿಯೊಳಗ ಧೂಪ ಹಾಕಿರ್ತಾರ, ಹೊಗಿ ಹೋಗ್ಲಾಕ ಕಿಟಕಿ ತೆಗೆಯೋದು ಮರೀತಾರ ಸೇವಕರು. ಒಬ್ಬರ ತೆಕ್ಕ್ಯಾಗ ಒಬ್ಬರು ಉಸಿರುಗಟ್ಟಿ ಸಾಯ್ತಾರ. ಸುಖಕ್ಕಂತ ಹಾಕಿದ ಧೂಪನೇ ಜೀವ ತಗೊಳ್ತದ. ಆ ಟ್ರಕ್ ನೋಡಿದಾಗ ನನಗ ನೆನಪಾಗಿದ್ದು ಈ ಹೊಗಿ.

ಆದ್ರ ಪಂಪ ಅಲ್ಲಿಗೇ ನಿಂದರಸಲ್ಲ. ಮುಂದ ಜನ್ಮದ ಮ್ಯಾಲ ಜನ್ಮ ಬರ್ತಾವ, ಇಬ್ಬರೂ ಒಬ್ಬರ ಹತ್ತಿರ ಒಬ್ಬರು ಹುಟ್ಟತಾರ, ಯಾವಾಗಲೂ ಗಂಡ ಹೆಂಡತಿಯಾಗೇ ಅಲ್ಲ. ಕೊನಿಗಿ ವಜ್ರಜಂಘನ ಜೀವ ಆದಿನಾಥ ಆಗ್ತದ, ಎಲ್ಲಾ ಬಿಟ್ಟು ತಪಸ್ಸಿಗಿ ಹೋದಂವ. ಭಿಕ್ಷಕ್ಕ ಬಂದ್ರ ಮಂದಿಗಿ ಈ ಮುನಿಗಿ ಏನು ಕೊಡಬೇಕು, ಹೆಂಗ ಕೊಡಬೇಕು ಅಂತೇ ಗೊತ್ತಿಲ್ಲ, ಆನಿ ಕುದುರಿ ಬಂಗಾರ ತಂದು ಮುಂದ ಇಡ್ತಾರ. ತಿಂಗಳುಗಟ್ಲೆ ಉಪವಾಸ. ಹಸ್ತಿನಾಪುರಕ್ಕ ಬಂದಾಗ ಶ್ರೇಯಾಂಸ ಅನ್ನೋ ರಾಜಕುಮಾರಗ ಅಂವನ ನೋಡಿದ್ದೇ ಹಿಂದಿನ ಜನ್ಮ ನೆನಪಾಗ್ತದ, ಹಿಂದ ಇಬ್ಬರೂ ಕೂಡಿ ಮುನಿಗಳಿಗಿ ಆಹಾರ ನೀಡಿದ್ದು ಕಣ್ಣಮುಂದ ಬರ್ತದ, ಹೆಂಗ ಕೊಡಬೇಕಂತ ತಿಳೀತದ. ಕಬ್ಬಿನ ಹಾಲು ಅಂವನ ಬೊಗಸಿಯೊಳಗ ಹಾಕ್ತಾನ. ಆ ಶ್ರೇಯಾಂಸ ಯಾರು ಅಂದ್ರ, ಅದೇ ಶ್ರೀಮತಿ, ಅದೇ ಸ್ವಯಂಪ್ರಭೆ.

ನಾಕು ಜನ್ಮ ಮುಗಿದ ಮ್ಯಾಲ ಏನು ಅಂತ ಕೇಳಿದಿ. ನನಗ ಅನ್ಸೋದು, ಕೊರಿಯಾದ ಕಥಿ ಪ್ರೀತಿ ಅದೇ ರೂಪದಾಗ ತಿರುಗಿ ಬರಬೇಕು ಅಂತ ಹಟ ಹಿಡೀತದ, ಅದೇ ಹೆಣ್ಣು, ಅದೇ ಗಂಡು, ಅದೇ ಗುಡ್ಡ. ಅದಕ್ಕೇ ನಿನಗ ಎದಿ ಭಾರ ಆಗೋದು, ಯಾಕಂದ್ರ ಆ ರೂಪಕ್ಕ ಕೊನಿ ಅದ ಅಂತ ಅವರೇ ಹೇಳಿಬಿಟ್ಟಾರ. ಪಂಪನ ಕಡಿ ಪ್ರೀತಿ ವೇಷ ಬದಲು ಮಾಡ್ಕೋತ ಹೋಗ್ತದ. ಸ್ವರ್ಗದಾಗ ಭೋಗ ಆಗಿದ್ದು ಕೊನಿಗಿ ಹಸಿದವನ ಕೈಯಾಗಿನ ಕಬ್ಬಿನ ಹಾಲು ಆಗ್ತದ. ನನ್ನ ಮನಸು ಒಪ್ಪೋದು ಇದಕ್ಕ.

ಬಿಸಿಲೂರಾಕಿ, ಕಲಬುರಗಿ

ಸರ್, ಓದಿ ಮುಗಿಸಿದ್ದೇ ಅವ್ವಗ ಒದರಿ ಒದರಿ ಓದಿ ಹೇಳೀನಿ. ಆಕಿಗಿ ಪಟ ಬರದು ಕಳಿಸಿದ್ದು ಭಾಳ ಹಿಡಿಸ್ತು, "ಹೆಣ್ಣುಮಗಳು ಶಾಣ್ಯಾ ಅದಾಳ, ಅಳ್ಕೋತ ಕೂಡಲಿಲ್ಲ" ಅಂದ್ಳು. ಆದ್ರ ಸರ್ ನಾ ನಿಮ್ಮ ಮಾತು ಪೂರಾ ಒಪ್ಪಲ್ರಿ. ಕಬ್ಬಿನ ಹಾಲು ದೊಡ್ಡದು ಖರೆ, ಅದು ದೊಡ್ಡ ಜೀವಗಳ ಕಥಿ. ನಾನಾದ್ರ ಆ ಮನಷ್ಯಾನೇ ಬೇಕು ಅಂತೀನಿ, ಅದೇ ದನಿ, ಅದೇ ನಗಿ. ಪ್ರೀತಿ ಮಾಡೋದು ಆ ಒಬ್ಬರ ಮಾರಿ ಮಾತಿಗಿ ಅಲ್ಲೇನ್ರಿ, ಅದು ಎಲ್ಲಾ ಬದಲಾದ ಮ್ಯಾಲ ಉಳಿಯೋದು ಒಳ್ಳೆತನ, ನನ್ನವರಲ್ಲ. ಉನ್‌ತಕ್ ಚಹಾ ಕುಡಿಯಲ್ಲ ಅಂದಿದ್ದು ಅದಕ್ಕೇ. ಬೀದರ್ ತಮ್ಮ ಹೇಳಿದ್ದು ನನಗ ಹತ್ತಿರ ಬಂತು, ಅಂವ ಬೇಡಿ ಪಡದ ಮೂವತ್ತು ವರ್ಷ ಅಂತ. ಯಾದಗಿರಿ ಅಕ್ಕಾ, ಚಿಕ್ಕಮ್ಮನ ಸೀನ್ ಬಗ್ಗಿ ನೀವು ಹೇಳಿದ್ದಕ್ಕ ನನ್ನ ಕಡಿ ಎರಡು ಮಾತಿಲ್ಲ, ಅಲ್ಲಿ ನಗಬೇಕಾ ಅಳಬೇಕಾ ನನಗೂ ತಿಳೀಲಿಲ್ಲ.

ಇಂಥದ್ದೇ ಮತ್ತ ಯಾವ್ದಾದ್ರೂ ಇದ್ರ ಹೇಳ್ರಿ, ಅವ್ವ ಮುಂದಿನದು ಯಾವಾಗ ಅಂತ ಕೇಳಲತ್ತಾಳ.

ಕೋಟಿ ಕೆಳಗಿನ ಮನಿ, ಯಾದಗಿರಿ

ಹೋಟೆಲ್ ಡೆಲ್ ಲೂನಾ ಹಚ್ಚರಿ, 2019ರದು, ಅದು ಬಿ 16 ಎಪಿಸೋಡು. ಸತ್ತವರು ಹೋಗೋಕ್ಕಿಂತ ಮೊದಲು ಇಳಕೊಳ್ಳೋ ಹೋಟೆಲ್, ಅದರ ಮಾಲಕಿ ಜಾಂಗ್ ಮಾನ್ ವಲ್ ಪಾತ್ರ ಐಯು ಮಾಡ್ಯಾಳ, ಸಾವಿರದ ಮುನ್ನೂರು ವರ್ಷದ ಸಿಟ್ಟು ಹೊಟ್ಟ್ಯಾಗ ಇಟ್ಕೊಂಡು ಕೂತಾಕಿ. ಮೋಸ ಮಾಡಿದ ಅಂತ ಆಕಿ ಯಾರ ಮ್ಯಾಲ ಸಿಟ್ಟಿಟ್ಟಾಳೋ ಅಂವ ಮರುಜನ್ಮನೇ ತಗೊಂಡಿರಲ್ಲ, ಮಿಂಚುಹುಳ ಆಗಿ ಅಷ್ಟೂ ವರ್ಷ ಆಕಿ ಸುತ್ತೇ ಇರ್ತಾನ. ಮುಂದಿಂದು ಹೇಳಲ್ಲ. ಅದು ಮುಗಿದ್ರ ಟೇಲ್ ಆಫ್ ದಿ ನೈನ್ ಟೇಲ್ಡ್, 2020ರದು, ನಮ್ಮ ಯಮದೂತ ಲೀ ಡಾಂಗ್ ವುಕ್ ಅದರಾಗ ಒಂಬತ್ತು ಬಾಲದ ನರಿ, ಸತ್ತ ಹುಡುಗಿ ಮತ್ತ ಹುಟ್ಟಿ ಬರೋದು ಕಾಯ್ತಿರ್ತಾನ. ಹೊಡದಾಟ ರಕ್ತ ಜರಾ ಜಾಸ್ತಿ ಅದ ಅದರಾಗ, ಅವ್ವಗ ಮೊದಲೇ ಹೇಳಿಡ್ರಿ. ಮಾನ್ ವಲ್ ಮಾಡಿದ್ದು ಬರೋಬ್ಬರಿನಾ ತಪ್ಪಾ ಅಂತ ಅವ್ವ ಏನಂತಾರ ಕೇಳಿ ಇಲ್ಲೇ ಬರೀರಿ ಮತ್ತ.