ಸಹಾಯ ಬೇಕು: ಗೀಸರ್‌ಗೆ ಗೋಡೆ ಒಡೆದು ಹೊಸ ಲೈನ್ ಎಳೆಸಲೇಬೇಕಾ?

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆಯ ಮಹಡಿ ಬಾಡಿಗೆಗೆ ಕೊಡೋಣ ಅಂತ 15 ಲೀಟರಿನ, 2000 ವ್ಯಾಟ್ ಗೀಸರ್ ತಂದೆ. ನಮ್ಮ ಕಾಲ ಹಂಡೆ ಒಲೇಲೇ ಕಳೀತು, ಈಗ ಮನೆ ನೋಡೋಕೆ ಬರೋರು ಮೊದಲು ಕೇಳೋದೇ ಗೀಸರ್!

ಕಂಪನಿ ಹುಡುಗ ಬಂದು ಗೋಡೆಗೆ ಕೂರಿಸಿ, ಸೇಫ್ಟಿ ವಾಲ್ವ್, ಪೈಪ್ ಎಲ್ಲ ಜೋಡಿಸಿದ. ಕರೆಂಟ್ ಮಾತ್ರ ಕೊಡಲಿಲ್ಲ. "ಇದು 6 ಆಂಪ್ ಸಾಕೆಟ್, 16 ಆಂಪ್ ಪಾಯಿಂಟ್ ಮಾಡಿಸಿ ಕರೀರಿ" ಅಂತ ಹೊರಟೇಹೋದ.

ನಮ್ಮ ಬೀದಿ ಎಲೆಕ್ಟ್ರಿಷಿಯನ್ "ಸಾಕೆಟ್ ಬದಲಾಯಿಸಿದ್ರೆ ಸಾಕು ಸಾರ್, ವೈರ್ ಹಾಗೇ ಇರ್ಲಿ" ಅಂದ್ರು. ಬಿಚ್ಚಿಸಿ ನೋಡಿದ್ರೆ 1.5 ಚದರ ಮಿಮೀ ವೈರು, ಅದೇ ಲೈನಲ್ಲಿ ಲೈಟು ಫ್ಯಾನು ಬೇರೆ. ಅರ್ಥಿಂಗ್ ವೈರೇ ಇಲ್ಲ! 2000 ವ್ಯಾಟ್ ಅಂದ್ರೆ ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತೆ, ನನಗಂತೂ ಧೈರ್ಯ ಇಲ್ಲ. ಇನ್ನೊಬ್ಬರನ್ನ ಕರೆಸಿದೆ. ಅವರು ಮೇನ್ ಬೋರ್ಡಿಂದಲೇ 4 ಚದರ ಮಿಮೀ ವೈರ್, ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್) ಬೇಕು ಅಂತಾರೆ. ಬೋರ್ಡ್ ಇರೋದು ಕೆಳಗಡೆ, ಸುಮಾರು 15 ಮೀಟರ್ ದೂರ. ಮೊನ್ನೆ ತಾನೇ ಪೇಂಟ್ ಮಾಡ್ಸಿದ್ದೀನಿ ಕಣ್ರೀ.

ಇದೊಂದೇ ಗೀಸರ್‌ಗೆ 2.5 ಚದರ ಮಿಮೀ ವೈರ್ ಸಾಕಾ, 4 ಬೇಕೇಬೇಕಾ? ಗೋಡೆ ಒಡೆಯದೆ, ಅರ್ಥಿಂಗ್ ವೈರೂ ಸೇರಿಸಿ ಹೊರಗಿಂದ ಪಿವಿಸಿ ಪೈಪಲ್ಲಿ ತರಬಹುದಾ? ಮಾಡಿಸಿದವರು ದಯವಿಟ್ಟು ಹೇಳಿ.